ಗಂಟೆಯ ಲೆಕ್ಕ, ಸೆಕೆಂಡಿನ ಲೆಕ್ಕ



ತಾಳವಾಡಿಯಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳು ನಮಗೆಲ್ಲ ಗೊತ್ತು. ತಿರುವಿನಲ್ಲಿ ಬಸ್ಸು ಗಂಟೆಗೆ 18 ಕಿಲೋಮೀಟರಿನಂತೆ ಹೋಗುತ್ತಿದೆ ಎನ್ನೋಣ. ಸೆಕೆಂಡಿಗೆ ಎಷ್ಟು ಮೀಟರು? ಸೂತ್ರ ಬಾಯಿಪಾಠ ಮಾಡಿದ ಮಗು, 5ರಿಂದ ಗುಣಿಸಬೇಕೋ 18ರಿಂದಲೋ ಎಂದು ಪರೀಕ್ಷೆಯಲ್ಲಿ ತಡವರಿಸುತ್ತದೆ.

ಬಾಯಿಪಾಠ ಬೇಡ. ಕಿಲೋಮೀಟರಿಗೆ 1000 ಮೀಟರು, ಗಂಟೆಗೆ 3600 ಸೆಕೆಂಡು. 18,000 ಮೀಟರನ್ನು 3600ರಿಂದ ಭಾಗಿಸಿದರೆ 5; ಅಂದರೆ ಸೆಕೆಂಡಿಗೆ 5 ಮೀಟರು. ನೇರ ರಸ್ತೆಯಲ್ಲಿ ಗಂಟೆಗೆ 54 ಕಿಲೋಮೀಟರಾದರೆ ಸೆಕೆಂಡಿಗೆ 15 ಮೀಟರು. ಆನೆ ಕಂಡ ಚಾಲಕ ಬ್ರೇಕ್ ಒತ್ತಲು ಒಂದೇ ಸೆಕೆಂಡು ತಡಮಾಡಿದರೂ ಬಸ್ಸು ಅಷ್ಟು ದೂರ ಮುಂದೆ ಹೋಗಿರುತ್ತದೆ.

ಇನ್ನೊಂದು ತೊಡಕು ಪದದ್ದು. ಕನ್ನಡದ ವಿಜ್ಞಾನ ಪಾಠದಲ್ಲಿ ದಿಕ್ಕನ್ನು ಹೇಳದಿದ್ದರೆ ಅದು ‘ಜವ’, ದಿಕ್ಕು ಸೇರಿದರೆ ‘ವೇಗ’. ತಮಿಳಿನಲ್ಲಿ ಮೊದಲನೆಯದೇ ‘ವೇಗಂ’, ಎರಡನೆಯದು ‘ದಿಸೈವೇಗಂ’. ಎರಡು ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳದಿದ್ದರೆ, ಲೆಕ್ಕ ಬಲ್ಲ ಮಗುವೂ ಪ್ರಶ್ನೆಯಲ್ಲೇ ಎಡವುತ್ತದೆ.

ಇಂದು ಸಂಜೆ ಮನೆಯಲ್ಲಿ ಕೇಳಿ: ಗಂಟೆಗೆ 36 ಕಿಲೋಮೀಟರಾದರೆ ಸೆಕೆಂಡಿಗೆಷ್ಟು? ‘10 ಮೀಟರು’ ಎಂದರೆ ಸಾಲದು. ಹೇಗೆ ಬಂತೆಂದು ಮನೆಮಾತಿನಲ್ಲೇ ಹೇಳಲಿ. ಆಗ ಅದು ಕಲಿತಂತೆ.