ತೊಲೆ, ಕಂಬಗಳ ಸಾಕ್ಷ್ಯ

(ಧುಪದಾಳದಲ್ಲಿ ಮಾಡಿದ ಭಾಷಣದ ಪಠ್ಯ)



ನಮ್ಮ ಭಾಗದ ಹಳೆಯ ಮಾಳಿಗೆ ಮನೆಯನ್ನು ಎಲ್ಲರೂ ಮಣ್ಣಿನ ಮನೆ ಎನ್ನುತ್ತಾರೆ. ವಾಸ್ತವವಾಗಿ ಅದು ಮರದ ಮನೆ. ಕಂಬ, ಅದರ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಮೇಲಿನ ಮಣ್ಣಿನ ಭಾರವನ್ನು ಹೊರುವುದು ಇವೇ. ಗೋಡೆ ಕುಸಿದರೂ ಪಡಸಾಲೆ ನಿಂತಿರುವ ಮನೆಗಳನ್ನು ನೀವೇ ನೋಡಿದ್ದೀರಿ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿದಾಗ ಗೋಕಾಕ, ಮೂಡಲಗಿ ತಾಲ್ಲೂಕುಗಳಲ್ಲಿ ಇಂಥ ಅನೇಕ ಮನೆಗಳು ಬಿದ್ದವು. ನೆರೆ ಬಾರದ ಊರುಗಳಲ್ಲೂ ಜನ ಅವನ್ನು ಬಿಚ್ಚಿ ಸಿಮೆಂಟಿನ ಮನೆ ಕಟ್ಟುತ್ತಿದ್ದಾರೆ. ಅದನ್ನು ತಪ್ಪೆನ್ನಲಾರೆ, ಮಳೆಗಾಲದಲ್ಲಿ ಸೋರುವ ಮಾಳಿಗೆಯ ಕಷ್ಟ ಅದರ ಕೆಳಗೆ ಮಲಗುವವರಿಗೇ ಗೊತ್ತು. ಬಿಚ್ಚಿದ ಮರ ಏನಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಮರ ವಿರಳವಾದ ನಾಡಿನಲ್ಲಿ ಅದರ ಬೆಲೆ ಬೇರೆಯೇ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಗೇಣಿದಾರರು ಊರು ಬಿಡುವಾಗ ಸೂರಿನ ಮರಗಳನ್ನೂ ಹೊತ್ತೊಯ್ಯುತ್ತಿದ್ದರು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯ ಒಕ್ಕಲೆಬ್ಬಿಸಿದಾಗ, ಅವರು ಮರಳಿ ಮನೆ ಕಟ್ಟದಂತೆ ಆ ಮರಗಳಿಗೇ ಬೆಂಕಿಯಿಟ್ಟರು. ಐರ್ಲೆಂಡಿನಲ್ಲಿ ಬಡವರು ಜೌಗುನೆಲದಲ್ಲಿ ಹೂತುಹೋಗಿದ್ದ ಪ್ರಾಚೀನ ಓಕ್ ಮರವನ್ನು ಅಗೆದು ತೊಲೆ ಮಾಡಿಕೊಂಡರು. ಅಂಥ ಮರಗಳನ್ನೂ ಹಳೆಯ ಕಟ್ಟಡಗಳ ತೊಲೆಗಳನ್ನೂ ಪರೀಕ್ಷಿಸಿ, ವರ್ಷಕ್ಕೊಂದರಂತೆ ಮೂಡುವ ಉಂಗುರಗಳನ್ನು ಒಂದಕ್ಕೊಂದು ಹೊಂದಿಸಿ, ಬೆಲ್‌ಫಾಸ್ಟ್ ವಿಶ್ವವಿದ್ಯಾಲಯದವರು 1984ರ ವೇಳೆಗೆ 7 ಸಾವಿರಕ್ಕೂ ಹೆಚ್ಚು ವರ್ಷಗಳ ಲೆಕ್ಕ ಕಟ್ಟಿದರು.

ನಮ್ಮ ಬಿಸಿಲು ನಾಡಿನ ಬಹಳಷ್ಟು ಮರಗಳಲ್ಲಿ ಉಂಗುರ ಸ್ಪಷ್ಟವಾಗಿ ಮೂಡುವುದಿಲ್ಲ. ಸಾಗುವಾನಿಯಲ್ಲಿ ಮೂಡುತ್ತದೆ. ಮಳೆ ಕೈಕೊಟ್ಟ ವರ್ಷದ ಉಂಗುರ ಸಾಮಾನ್ಯವಾಗಿ ಸಪೂರ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಸಾಗುವಾನಿಯಿಂದಲೇ ಹಿಂದಿನ ಮಳೆಗಾಲಗಳನ್ನು ಅಭ್ಯಸಿಸಿದ್ದಾರೆ. ಅಂದಮೇಲೆ 1876-78ರ ಭೀಕರ ಬರದ ಗುರುತು ನಿಮ್ಮ ಅಡುಗೆಮನೆಯ ತೊಲೆಯಲ್ಲೂ ಇರಬಹುದು!

ಆದರೆ ಎಚ್ಚರ ಬೇಕು. ಹಳೆಯ ಮನೆಯ ಮರವನ್ನು ಹೊಸ ಮನೆಗೆ ಬಳಸುವುದು ರೂಢಿ. ಆದ್ದರಿಂದ ತೊಲೆಯ ವಯಸ್ಸೇ ಮನೆಯ ವಯಸ್ಸಲ್ಲ. ಅಲ್ಲದೆ ಬಡಿಗ ತೊಗಟೆಯನ್ನೂ ಅದರೊಳಗಿನ ಬಿಳಿಭಾಗವನ್ನೂ ಕೆತ್ತಿ ತೆಗೆದಿದ್ದರೆ ಮರ ಕಡಿದ ವರ್ಷ ಸಿಗದು. ಕೆತ್ತನೆಯ ಕಂಬದಲ್ಲಿ ಆಗುವುದು ಇದೇ. ವ್ಯಾಪಾರಿಗಳು ದುಡ್ಡು ಕೊಟ್ಟು ಒಯ್ಯುವುದು ಆ ಕಂಬವನ್ನು. ಸಂಶೋಧಕನಿಗೆ ಬೇಕಾದದ್ದು ಗೋಡೆಯೊಳಗೆ ಹುದುಗಿದ, ಉಳಿ ತಾಗದ ಜಂತಿಯ ತುದಿ; ಅದು ನೇರ ಒಲೆಗೆ ಹೋಗುತ್ತದೆ.

ಮನೆ ಬಿಚ್ಚುವ ಮುನ್ನ ಫೋಟೋ ತೆಗೆಯಿರಿ, ಮರಗಳಿಗೆ ಸುಣ್ಣದಿಂದ ನಂಬರು ಬರೆಯಿರಿ, ಹಿರಿಯ ಬಡಿಗರನ್ನು ಕರೆದು ಪ್ರತಿಯೊಂದರ ಹೆಸರು ಕೇಳಿ ಬರೆದಿಡಿ. ಸಾಗುವಾನಿ ಜಂತಿಯಿದ್ದರೆ ಗೋಡೆಯೊಳಗಿನ ತುದಿಯಿಂದ ನಾಲ್ಕು ಬೆರಳು ದಪ್ಪದ ಬಿಲ್ಲೆ ಕೊಯ್ದು, ಊರು, ಮನೆ, ನಂಬರು ಬರೆದು ಒಣಗಿದ ಜಾಗದಲ್ಲಿ ಇಡಿ. ಉಳಿದದ್ದನ್ನು ಬೇಕಾದರೆ ಒಲೆಗೆ ಹಾಕಿ.