ಬಂದವರು ಊರಿನವರಾಗುವುದು ಯಾವಾಗ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ವಲಸೆ, ಅಭಿವೃದ್ಧಿ ಮತ್ತು ನಮ್ಮ ಕೇರಿ’. ವಲಸೆ ಎಂದ ಕೂಡಲೇ ನಮಗೆ ದುಬೈ, ದಮ್ಮಾಮ್, ಬೆಂಗಳೂರು ನೆನಪಾಗುತ್ತವೆ. ನಮ್ಮ ಮನೆಗಳಿಂದ ಹೊರಟವರ ಕಥೆ ನಮಗೆಲ್ಲ ಗೊತ್ತು. ನಮ್ಮ ಕೇರಿಗೆ ಬಂದವರ ಕಥೆಯನ್ನು ಮಾತ್ರ ನಾವು ಹೆಚ್ಚು ಮಾತಾಡುವುದಿಲ್ಲ. ಅದನ್ನು ಬಿಡಿಸುತ್ತಾ ಹೋದರೆ ಕೊನೆಗೆ ಅಲ್ಲಿ ನಾವೇ ನಿಂತಿರುತ್ತೇವೆ.

ಮೊದಲು ನಮ್ಮ ಮೂರು ಊರುಗಳನ್ನೇ ನೋಡೋಣ. 1901ರ ಸುಮಾರಿಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಒಂದೇ ಕೊಪ್ಪ ತಾಲೂಕಿನಲ್ಲಿದ್ದವು. ಜಿಲ್ಲೆಯ ಹೆಸರು ಆಗ ಕಡೂರು. ಶೃಂಗೇರಿ ಮಠದ ಜಹಗೀರಾಗಿತ್ತು. ಇಂದಿನ ನರಸಿಂಹರಾಜಪುರದ ಹೆಸರು ಎಡೇಹಳ್ಳಿ. ಮುಂದೆ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಆ ಊರಿಗೆ ಇಡಲಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1915ರ ಹೊತ್ತಿಗೆ, ತರೀಕೆರೆಯಿಂದ ಅಲ್ಲಿಗೆ ಒಂದು ಕಿರು ರೈಲು ಬಂದಿತು. ಕಾಡಿನ ನಡುವಿನ ಹಳ್ಳಿಗೆ ಹಳಿ ಬಂದ ಮೇಲೆ ವ್ಯಾಪಾರಿ ಬಂದ, ಕೂಲಿಯವನು ಬಂದ, ಪೇಟೆ ಬೆಳೆಯಿತು. ಇಂದು ಆ ರೈಲೂ ಇಲ್ಲ, ಹಳಿಯೂ ಇಲ್ಲ. ಬಂದವರ ಮೊಮ್ಮಕ್ಕಳು ಇದ್ದಾರೆ.

ಘಟ್ಟದ ಕೆಳಗಿನಿಂದ ಬಂದವರ ಕಥೆ ಇದಕ್ಕಿಂತ ಹಳೆಯದು. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಅವರ ‘ಕಾನೂರು ಹೆಗ್ಗಡಿತಿ’ ಓದಿದವರಿಗೆ ಸೇರೆಗಾರನ ಪಾತ್ರ ನೆನಪಿರಬಹುದು. ಕರಾವಳಿಯಿಂದ ಆಳುಗಳನ್ನು ಕರೆತಂದು ತೋಟದ ಕೆಲಸ ಮಾಡಿಸುವವನು ಸೇರೆಗಾರ. ಹಾಗೆ ಘಟ್ಟ ಹತ್ತಿದವರಲ್ಲಿ ಎಲ್ಲ ಜಾತಿಯವರೂ ಇದ್ದರು. ಒಣಮೀನು, ಅಡಿಕೆ, ದಿನಸಿ ವ್ಯಾಪಾರಕ್ಕೆ ಬಂದ ಬ್ಯಾರಿಗಳೂ ಇದ್ದರು. ಬಯಲುಸೀಮೆ ಕಡೆಯಿಂದ ಉರ್ದು ಮಾತಾಡುವವರು ಬಂದರು. ಕೇರಳದಿಂದ ಬಂದ ಕ್ರೈಸ್ತ ಕುಟುಂಬಗಳು ನರಸಿಂಹರಾಜಪುರದ ಸುತ್ತ ರಬ್ಬರು, ಕಾಳುಮೆಣಸು ಬೆಳೆದವು. ಅಷ್ಟೇಕೆ, ನಮ್ಮ ಜಿಲ್ಲೆಯ ಹೆಮ್ಮೆಯಾದ ಕಾಫಿಯೇ ವಲಸೆ ಬಂದ ಗಿಡ. ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜ ತಂದರೆಂಬ ಪ್ರತೀತಿ ನಿಮಗೆಲ್ಲ ಗೊತ್ತಿದೆ.

ಎಲ್ಲರೂ ತಾವಾಗಿಯೇ ಬಂದವರಲ್ಲ. ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು 1960ರ ದಶಕದಲ್ಲಿ ಪೂರ್ಣಗೊಂಡಾಗ ಹಿನ್ನೀರು ನರಸಿಂಹರಾಜಪುರದ ತನಕ ಚಾಚಿತು. ಗದ್ದೆ, ಮನೆ ಕಳೆದುಕೊಂಡವರು ಬೇರೆ ನೆಲ ಹುಡುಕಿದರು. ಮತ್ತೆ 2001-02ರಲ್ಲಿ ಭದ್ರಾ ಅಭಯಾರಣ್ಯದೊಳಗಿನ ಹಳ್ಳಿಗಳ ನೂರಾರು ಕುಟುಂಬಗಳು ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿಗೂ ಮೂಡಿಗೆರೆ ಕಡೆಯ ಕೆಳಗೂರಿಗೂ ಸ್ಥಳಾಂತರವಾದವು. ಒಬ್ಬರ ಅಭಿವೃದ್ಧಿ ಇನ್ನೊಬ್ಬರ ವಲಸೆಯಾಗುವುದನ್ನು ನಮ್ಮ ಸೀಮೆ ಎರಡು ಸಲ ಕಣ್ಣಾರೆ ಕಂಡಿದೆ.

ಈಗ ಇಂದಿನ ಮಾತಿಗೆ ಬರೋಣ. ನಮ್ಮ ಮೂರು ತಾಲೂಕುಗಳ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಇತ್ತೀಚೆಗೆ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ತೋಟ ನಂಬಿ ಕೂರಲಾಗದೆ ಮಕ್ಕಳು ಓದಿ ಬೆಂಗಳೂರು ಸೇರಿದರು. ಕೂಲಿ ಮಾಡುತ್ತಿದ್ದವರ ಮಕ್ಕಳೂ ಓದಿದರು; ಅದು ಸಂತೋಷದ ವಿಷಯ. ಹೀಗೆ ಖಾಲಿಯಾದ ಜಾಗಕ್ಕೆ ಮೊದಲು ಉತ್ತರ ಕರ್ನಾಟಕದವರು, ಆಮೇಲೆ ಅಸ್ಸಾಂ, ಜಾರ್ಖಂಡ್, ಬಿಹಾರ, ಪಶ್ಚಿಮ ಬಂಗಾಳದವರು ಬಂದರು. ಕಾಫಿ ಕೊಯ್ಲು, ಅಡಿಕೆ ಸುಲಿತ, ಕಟ್ಟಡ ಕೆಲಸ, ಹೋಟೆಲು, ಎಲ್ಲ ಕಡೆ ಈಗ ಅವರೇ.

ಕೇರಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಒಂದು ಕ್ರಮವಿದೆ, ಗಮನಿಸಿ. ಮೊದಲು ಒಂಟಿ ಗಂಡಸರು ಬರುತ್ತಾರೆ. ಹೆಂಚಿನ ಮನೆಯ ಹಿತ್ತಿಲಲ್ಲಿ ಶೀಟು ಹಾಕಿದ ಕೋಣೆ ಏಳುತ್ತದೆ. ಒಂದು ಕೋಣೆಗೆ ಆರೆಂಟು ಜನ, ಎಲ್ಲರಿಗೂ ಒಂದೇ ನಲ್ಲಿ. ದಿನಸಿ ಅಂಗಡಿಯಲ್ಲಿ ಸಾಸಿವೆ ಎಣ್ಣೆ ಕಾಣಿಸಿಕೊಳ್ಳುತ್ತದೆ. ಸಂತೆಯಲ್ಲಿ ತರಕಾರಿಯವಳು ಹಿಂದಿಯಲ್ಲಿ ಲೆಕ್ಕ ಹೇಳಲು ಕಲಿಯುತ್ತಾಳೆ. ಬಾಡಿಗೆ ಏರುತ್ತದೆ, ಅದರ ಬಿಸಿ ನಮ್ಮ ಬಡವರಿಗೂ ತಟ್ಟುತ್ತದೆ. ನೀರಿಗೆ, ಕಸಕ್ಕೆ ಜಗಳವಾಗುತ್ತದೆ. ಇದೆಲ್ಲ ನಿಜವಾದ ತೊಂದರೆ; ಇಲ್ಲವೆನ್ನಲು ನಾನು ಬಂದಿಲ್ಲ. ಎರಡು ಮೂರು ವರ್ಷ ಕಳೆದ ಮೇಲೆ ಕೆಲವರು ಹೆಂಡತಿ ಮಕ್ಕಳನ್ನು ಕರೆತರುತ್ತಾರೆ. ಕೇರಿಯ ಮುಂದಿನ ಐವತ್ತು ವರ್ಷ ತೀರ್ಮಾನವಾಗುವುದು ಆ ಘಳಿಗೆಯಲ್ಲಿ. ಆ ಮಗು ಬೆಳಿಗ್ಗೆ ಎಲ್ಲಿಗೆ ಹೋಗುತ್ತದೆ? ಶಾಲೆಗೋ, ತಾಯಿಯ ಜೊತೆ ಅಡಿಕೆ ಸುಲಿಯುವ ಶೆಡ್ಡಿಗೋ?

ಇದು ಯಾಕೆ ಮುಖ್ಯ ಎನ್ನಲು ಎರಡು ಉದಾಹರಣೆ ಕೊಡುತ್ತೇನೆ. ಒಂದು, ಶೃಂಗೇರಿಗೆ ಹತ್ತಿರದ ಕುದುರೆಮುಖ. ಅಲ್ಲಿ 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಸ್ಥಾಪನೆಯಾಯಿತು. ದೇಶದ ನಾನಾ ಕಡೆಯ ಜನ ಬಂದು ಬೆಟ್ಟದ ನಡುವೆ ಒಂದು ಅಚ್ಚುಕಟ್ಟಾದ ಪಟ್ಟಣವೇ ಎದ್ದಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಕಾಡಿನ ದೃಷ್ಟಿಯಿಂದ ಅದು ಸರಿಯಾದ ತೀರ್ಪೇ. ಆದರೆ ಪಟ್ಟಣ ಬರಿದಾಯಿತು. ಅಲ್ಲಿ ಒಳ್ಳೆಯ ಮನೆಗಳಿದ್ದವು, ಕೆಲಸವಿತ್ತು. ಕೆಲಸ ಹೋದಾಗ ಜನರನ್ನು ಹಿಡಿದಿಡುವ ಬೇರೆ ಬೇರು ಅಲ್ಲಿರಲಿಲ್ಲ.

ಇನ್ನೊಂದು ದೂರದ್ದು. ಲಂಡನ್ನಿನ ಬ್ರಿಕ್ ಲೇನ್ ಎಂಬ ಬೀದಿಯಲ್ಲಿ ಒಂದು ಕಟ್ಟಡವಿದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟಂಟರು ಅದನ್ನು ಪ್ರಾರ್ಥನಾಲಯವಾಗಿ ಕಟ್ಟಿದರು. ಮುಂದೆ ಅದು ಮೆಥಡಿಸ್ಟರದಾಯಿತು. 1898ರಲ್ಲಿ ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಸಿನಗಾಗ್ ಆಯಿತು. 1976ರಲ್ಲಿ ಬಂಗಾಳಿ ಮುಸ್ಲಿಮರ ಮಸೀದಿಯಾಯಿತು. ಒಂದೇ ಗೋಡೆ, ನಾಲ್ಕು ಸಮುದಾಯ. ಪ್ರತಿ ಸಲವೂ ಹೊಸಬರನ್ನು ಕಂಡು ಹಳಬರು ‘ಇವರಿಂದ ಬೀದಿ ಕೆಟ್ಟಿತು’ ಎಂದರು. ಹಾಗೆಂದವರ ಅಜ್ಜಂದಿರ ಬಗ್ಗೆಯೂ ಒಂದು ಕಾಲಕ್ಕೆ ಅದೇ ಮಾತು ಬಂದಿತ್ತು.

ಹಾಗಾದರೆ ಬಂದವರು ಊರಿನವರಾಗುವುದು ಯಾವಾಗ? ಪಡಿತರ ಚೀಟಿ ಸಿಕ್ಕಾಗಲೇ? ಸೈಟು ಕೊಂಡಾಗಲೇ? ನನ್ನ ಉತ್ತರ ಇಷ್ಟೆ: ಅವರ ಮಕ್ಕಳು ನಮ್ಮ ಮಕ್ಕಳ ಪಕ್ಕದ ಬೆಂಚಿನಲ್ಲಿ ಕೂತ ದಿನ. ಘಟ್ಟ ಹತ್ತಿ ಬಂದ ನಮ್ಮ ಹಿರಿಯರು ಕನ್ನಡ ಓದಲು ಬಾರದವರಾಗಿದ್ದರು. ಅವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಅಕ್ಷರ ಕಲಿತರು, ಪಂಚಾಯಿತಿಗೆ ನಿಂತರು, ಮೇಷ್ಟರಾದರು. ಇಂದು ನಾನು ಈ ವೇದಿಕೆಯಲ್ಲಿ ಕನ್ನಡದಲ್ಲಿ ಮಾತಾಡುತ್ತಿರುವುದೂ ಆ ಬೆಂಚಿನ ಕೃಪೆಯಿಂದಲೇ.

ಕಾನೂನು ಈ ಮಕ್ಕಳ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿನ ದಾಖಲೆ ಇಲ್ಲವೆಂದು ಶಾಲೆ ಹಿಂದಕ್ಕೆ ಕಳಿಸುವಂತಿಲ್ಲ. ವರ್ಗಾವಣೆ ಪತ್ರ ತಡವಾಯಿತೆಂದು, ವರ್ಷದ ನಡುವೆ ಬಂದರೆಂದು ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದೆ ಬಿದ್ದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಇಷ್ಟು ಗೊತ್ತಿಲ್ಲದೆ ಎಷ್ಟೋ ತಂದೆತಾಯಿಯರು ಶಾಲೆಯ ಗೇಟಿನ ತನಕವೂ ಬರುವುದಿಲ್ಲ.

ಇಲ್ಲಿ ನಮಗೆ, ಅಂದರೆ ಉರ್ದು ಬಲ್ಲವರಿಗೆ, ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಅಸ್ಸಾಮಿನವರ, ಜಾರ್ಖಂಡಿನವರ ಮನೆಮಾತು ಬೇರೆ ಇರಬಹುದು. ಆದರೆ ಹೊರಗೆ ದುಡಿಯಲು ಬಂದ ಮೇಲೆ ಅವರಾಡುವ ಹಿಂದಿಗೂ ನಾವು ಮನೆಯಲ್ಲಾಡುವ ಉರ್ದುವಿಗೂ ಹೆಚ್ಚು ದೂರವಿಲ್ಲ. ನೀರು, ಅನ್ನ, ನಾಳೆ, ಹೆಸರೇನು ಎಂದು ಆ ಮಗುವಿಗೆ ಅರ್ಥವಾಗುವಂತೆ ಹೇಳಬಲ್ಲ ಮೊದಲ ವ್ಯಕ್ತಿ ನಮ್ಮ ಕೇರಿಯ ಒಬ್ಬ ಹುಡುಗಿಯೇ ಇರಬಹುದು. ಉರ್ದುವಿನ ಕೈ ಹಿಡಿಸಿ ಕನ್ನಡದ ಹೊಸಿಲು ದಾಟಿಸುವ ಕೆಲಸವನ್ನು ನಮ್ಮಷ್ಟು ಸುಲಭವಾಗಿ ಮಾಡಬಲ್ಲವರು ಇಲ್ಲಿ ಕಡಿಮೆ.

ಆದ್ದರಿಂದ ಮೂರು ಮಾತು ನಿಮ್ಮ ಮುಂದಿಡುತ್ತೇನೆ. ಕೋಣೆ ಬಾಡಿಗೆಗೆ ಕೊಡುವ ಹಿರಿಯರೆ, ಗುರುತಿನ ದಾಖಲೆ ಕೇಳಿ ಪಡೆಯಿರಿ, ಅದು ಸರಿಯಾದ ಕ್ರಮ. ಅದರ ಜೊತೆಗೆ ‘ಮಕ್ಕಳೆಷ್ಟು, ಯಾವ ಶಾಲೆ’ ಎಂದೂ ಕೇಳಿ. ಬಾಡಿಗೆಯ ಹಣ ನಮಗೆ ಬೇಕು, ಬಾಡಿಗೆಯವರು ನಮ್ಮವರಲ್ಲ ಎಂಬುದು ನ್ಯಾಯವಲ್ಲ. ಕಾಲೇಜು ವಿದ್ಯಾರ್ಥಿಗಳೆ, ನಿಮ್ಮ ಕೇರಿಯಲ್ಲಿ ಶಾಲೆಗೆ ಹೋಗದ ಮಕ್ಕಳ ಪಟ್ಟಿ ಮಾಡಿ ಹತ್ತಿರದ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕರಿಗೆ ಕೊಡಿ. ಒಂದು ಭಾನುವಾರದ ಕೆಲಸ ಅದು. ಸಂಘದ ಪದಾಧಿಕಾರಿಗಳೆ, ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನಗಳ ಜೊತೆಗೆ ಕೊಯ್ಲಿನ ತಿಂಗಳುಗಳಲ್ಲಿ ಒಂದು ಸಂಜೆ ತರಗತಿಗೂ ಜಾಗ ಮಾಡಿಕೊಡಿ. ಅಲ್ಲಿ ಯಾವ ಧರ್ಮದ, ಯಾವ ರಾಜ್ಯದ ಮಗು ಎಂದು ಕೇಳುವುದು ಬೇಡ.

ಈ ಹೊತ್ತು ದಮ್ಮಾಮಿನಲ್ಲಿ, ದುಬೈಯಲ್ಲಿ ನಮ್ಮ ಅಣ್ಣತಮ್ಮಂದಿರೂ ಒಂದೇ ಕೋಣೆಯಲ್ಲಿ ಆರೆಂಟು ಜನ ಮಲಗಿರುತ್ತಾರೆ. ಅಲ್ಲಿ ಯಾರಾದರೂ ಅವರನ್ನು ಮನುಷ್ಯರೆಂದು ಕಾಣಲಿ ಎಂದು ನಮ್ಮ ತಾಯಂದಿರು ಹಾರೈಸುತ್ತಾರೆ. ನಮ್ಮ ಹಿತ್ತಿಲ ಕೋಣೆಯಲ್ಲಿ ಮಲಗಿರುವವನಿಗೂ ಅಸ್ಸಾಮಿನಲ್ಲೊಬ್ಬ ತಾಯಿ ಇದ್ದಾಳೆ. ಇಷ್ಟು ನೆನಪಿಟ್ಟರೆ ಸಾಕು, ಉಳಿದದ್ದನ್ನು ಶಾಲೆ ನೋಡಿಕೊಳ್ಳುತ್ತದೆ.