ಉಪ್ಪು ತಿಂದ ಕಾರು ನೀರು ಕುಡಿಯಲೇಬೇಕು

ಇವತ್ತಿನ ಮಾತು ಕೆನಡಾ, ಅಮೆರಿಕ ಕಡೆ ಓದೋಕೆ, ಕೆಲಸಕ್ಕೆ ಹೋಗಿರೋ ನಮ್ಮವರಿಗೆ. ಅಲ್ಲಿ ಸೆಕೆಂಡ್ ಹ್ಯಾಂಡ್ ಕಾರು ತಗೋಬೇಕು ಅಂತಿದ್ರೆ ದಯವಿಟ್ಟು ಪೂರ್ತಿ ಕೇಳಿ.

ನನ್ನ ಚಿಕ್ಕಮ್ಮನ ಮಗ ಟೊರಾಂಟೊದಲ್ಲಿ ಓದ್ತಿದ್ದಾನೆ. ಹೋದ ವರ್ಷ ಒಂದು ಹಳೇ ಕಾರು ತಗೊಂಡ. ವಿಡಿಯೋ ಕಾಲ್‌ನಲ್ಲಿ ತೋರಿಸಿದ, ಪೇಂಟ್ ಫಳಫಳ ಅಂತಿತ್ತು. "ಅಣ್ಣಾ, ಒಳ್ಳೇ ರೇಟ್ ಅಲ್ವಾ?" ಅಂದ. ನಾನು ಬಿ.ಕಾಂ. ಓದಿದವನು, ರೇಟ್ ಮಾತ್ರ ನೋಡಿ ಹೂಂ ಅಂದುಬಿಟ್ಟೆ. ಎರಡೇ ತಿಂಗಳು. ಬ್ರೇಕ್ ಒತ್ತಿದ್ರೆ ಪೆಡಲ್ ಮೆತ್ತಗೆ ಒಳಗೆ ಹೋಗೋಕೆ ಶುರುವಾಯ್ತು. ಗ್ಯಾರೇಜ್‌ನವರು ಕಾರು ಮೇಲೆತ್ತಿ ನೋಡಿದ್ರೆ, ಬ್ರೇಕ್ ಆಯಿಲ್ ಹೋಗೋ ಪೈಪೇ ತುಕ್ಕು ಹಿಡಿದು ಸೋರ್ತಿತ್ತು. ಹೈವೇನಲ್ಲಿ ಒಡೆದಿದ್ರೆ?

ಇದಕ್ಕೆ ಕಾರಣ ರಸ್ತೆಗೆ ಹಾಕೋ ಉಪ್ಪು. ಉಪ್ಪುನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಲ್ಲ. ಅದಕ್ಕೇ ಚಳಿಗಾಲದಲ್ಲಿ ಐಸ್ ಕರಗ್ಲಿ ಅಂತ ಉಪ್ಪು ಸುರೀತಾರೆ. ಅದರಿಂದ ಎಷ್ಟೋ ಅಪಘಾತ ತಪ್ಪುತ್ತೆ, ನಿಜ. ಆದ್ರೆ ಆ ನೀರು ಚಕ್ರದಿಂದ ಸಿಡಿದು ಕಾರಿನ ತಳಕ್ಕೆ ಅಂಟಿಕೊಳ್ಳುತ್ತೆ. ಬರೀ ನೀರಿಗಿಂತ ಉಪ್ಪುನೀರಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತೆ. ಕೆಲವು ಕಡೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕ್ತಾರೆ. ಅದು ಗಾಳಿಯಲ್ಲಿರೋ ತೇವವನ್ನೂ ಹೀರ್ಕೊಂಡು ತಳ ಒಣಗೋಕೇ ಬಿಡಲ್ಲ. ಇನ್ನೊಂದು ವಿಚಿತ್ರ: ಉಪ್ಪು ಮೆತ್ತಿದ ಕಾರನ್ನ ಬೆಚ್ಚಗಿನ ಗ್ಯಾರೇಜ್‌ನಲ್ಲಿ ನಿಲ್ಲಿಸಿದ್ರೆ ತುಕ್ಕು ಇನ್ನೂ ಜೋರು!

ಹಾಗಾದ್ರೆ ಏನು ಮಾಡಬೇಕು? ತಳ ತೊಳೀಬೇಕು, ಅಷ್ಟೇ. ಕಾರ್ ವಾಶ್‌ಗೆ ಹೋದಾಗ ತಳಕ್ಕೂ ನೀರು ಹೊಡೆಯುತ್ತಾ ಅಂತ ಕೇಳಿ. ಚಳಿ ಮುಗಿದ ಮೇಲೆ ಇನ್ನೊಂದ್ಸಲ ಚೆನ್ನಾಗಿ ತೊಳೆಸಿ. ಬಾಗಿಲ ಕೆಳಗಿನ ನೀರು ಹೋಗೋ ತೂತುಗಳಲ್ಲಿ ಕೆಸರು ಕಟ್ಟದ ಹಾಗೆ ನೋಡ್ಕೊಳ್ಳಿ. ಪ್ರತಿವರ್ಷ ಚಳಿಗೆ ಮುಂಚೆ ತಳಕ್ಕೆ ಆಯಿಲ್ ಸ್ಪ್ರೇ ಹೊಡೆಸೋದು ಕೆನಡಾದಲ್ಲಿ ಮಾಮೂಲು. ಆದ್ರೆ ಈಗಾಗ್ಲೇ ಇರೋ ತುಕ್ಕಿನ ಮೇಲೆ ದಪ್ಪ ರಬ್ಬರ್ ಕೋಟಿಂಗ್ ಬಳಿಸಬೇಡಿ. ತೇವ ಒಳಗೇ ಸಿಕ್ಕಿಕೊಂಡು, ಹೊರಗೆ ಕಾಣದ ಹಾಗೆ ತಿನ್ನುತ್ತೆ.

ಹಳೇ ಕಾರು ತಗೊಳ್ಳೋವಾಗ ದುಡ್ಡು ಕೊಡೋಕೆ ಮುಂಚೆ ಅದನ್ನ ಮೇಲೆತ್ತಿಸಿ, ಬ್ರೇಕ್ ಪೈಪ್ ನೋಡಿಸಿ. ಮಾರೋರು ಬೇಡ ಅಂದ್ರೆ ಆ ಕಾರೇ ಬೇಡ.

ಮಂಗಳೂರು, ಕಾರವಾರದ ಸಮುದ್ರದ ಹತ್ತಿರ ಗಾಡಿ ಇಟ್ಟಿರೋರೇ, ನಗಬೇಡಿ. ನಿಮ್ಮೂರಲ್ಲಿ ಗಾಳಿಯಲ್ಲೇ ಉಪ್ಪಿದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರಲ್ಲ, ಗಾಡಿಗೂ ಅದೇ ಮಾತು. ಇವತ್ತೇ ಒಂದ್ಸಲ ಬಗ್ಗಿ ನೋಡಿ. ಮತ್ತೆ ಸಿಗೋಣ.